ಕರ್ನಲ್ ಸಾಹೇಬರು ಕೇಳಿದ ಮರಣಪತ್ರ

ಇನ್ನರ್‌ಕಾರ್ನ್, ಫೈಫ್ ಸೀಮೆ
19 ಸೆಪ್ಟೆಂಬರ್ 1661

ರೀಗಾ ಪಟ್ಟಣದಲ್ಲಿರುವ ಮಹಾಶೂರ ಕರ್ನಲ್ ನಿನಿಯನ್ ಆರ್ನಾಟ್ ಸಾಹೇಬರಿಗೆ,

ನಿಮ್ಮ ಸತ್ತ ಹೆಂಡತಿ ಬೆಥಿಯಾ ಮೆಲ್ಡ್ರಮ್ ಮಾಡುವ ನಮಸ್ಕಾರಗಳು. ನಾನು ಕ್ಷೇಮ, ಸತ್ತವಳೊಬ್ಬಳು ಇರಬಹುದಾದಷ್ಟು ಕ್ಷೇಮ. ಈ ಸಲ ಹೆರಿಂಗ್ ಮೀನು ಚೆನ್ನಾಗಿ ಬಿದ್ದಿದೆ. ಉಪ್ಪು ತುಂಬಿ ತುಂಬಿ ಎರಡೂ ಅಂಗೈ ಬಿರಿದು ಹೋಗಿವೆ. ಅಕ್ಷರ ಸೊಟ್ಟಗಿದ್ದರೆ ದೊಡ್ಡ ಮನಸ್ಸು ಮಾಡಿ ಕ್ಷಮಿಸಬೇಕು.

ನಿಮ್ಮ ಪತ್ರವನ್ನು ನನ್ನಣ್ಣ ಗಿಲ್ಬರ್ಟ್ ತನ್ನ ಹಡಗಿನಲ್ಲಿ ಸೆಣಬಿನ ಮೂಟೆಗಳ ಜೊತೆ ತಂದ. ಏಳು ವರ್ಷಗಳ ಮೌನದ ಮೇಲೆ ಬಂದ ಪತ್ರ. ಅಣ್ಣ ಅದನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟು, "ತಗೋ ತಂಗೀ, ನಿನ್ ಗಂಡ ಇನ್ನೂ ಗಟ್ಟಿಮುಟ್ಟಾಗೇ ಇದಾನೆ. ಹೊಸಾ ಟೋಪಿ ಹಾಕ್ಕೊಂಡು ಹಡಗಿಗೇ ಬಂದಿದ್ದ. ನನ್ನ ಬಿಯರ್ ಕುಡ್ದು, ನನ್ನ ಚೀಸ್ ತಿಂದು, ಯುದ್ಧ ಅಂದ್ರೇನು ಅಂತ ನನಗೇ ಪಾಠ ಹೇಳಿ ಹೋದ" ಅಂದ. ನಮ್ಮ ತಮ್ಮ ನಿಮ್ಮ ಕೈಕೆಳಗೆ ಸತ್ತವನು ಎಂಬುದು ಗಿಲ್ಬರ್ಟ್‌ಗೆ ನೆನಪಿದೆ. ನಿಮಗೆ ನೆನಪಿದ್ದ ಹಾಗೆ ಕಾಣಲಿಲ್ಲವಂತೆ.

ಎರಡು ಪುಟದ ಪತ್ರದಲ್ಲಿ ಒಂದೂವರೆ ಪುಟ ನಿಮ್ಮ ಸೊಂಟನೋವು, ರೀಗಾದ ಚಳಿ, ನಿಮ್ಮ ಯೋಗ್ಯತೆಯನ್ನು ಅರಿಯದ ಸ್ವೀಡನ್ನಿನವರ ಮೌಢ್ಯ. ಉಳಿದ ಅರ್ಧ ಪುಟದಲ್ಲಿ ವಿಷಯ. ನಾನು ಸರಿಯಾಗಿ ತಿಳಿದುಕೊಂಡಿದ್ದೇನೋ ಇಲ್ಲವೋ, ತಿರುಗಿ ಒಪ್ಪಿಸುತ್ತೇನೆ, ಕೇಳಿ. ಸ್ವೀಡನ್ನಿನವರು ಶಾಂತಿ ಮಾಡಿಕೊಂಡು ನಿಮ್ಮ ದಂಡನ್ನು ಬರಖಾಸ್ತು ಮಾಡಿದ್ದಾರೆ. ನೀವೀಗ ರಷ್ಯನ್ನರ ಮಸ್ಕೊವಿಯ ದೊರೆಯ ಚಾಕರಿಗೆ ಸೇರುವವರು. ಹೋಗುವ ಮುಂಚೆ ರೀಗಾದ ಸೆಣಬಿನ ವ್ಯಾಪಾರಿಯೊಬ್ಬನ ವಿಧವೆಯನ್ನು ಮದುವೆಯಾಗಬೇಕು. ಅಲ್ಲಿನ ಪಾದ್ರಿಯೋ, ಹುಟ್ಟೂರಿನ ಚರ್ಚಿನಿಂದ 'ಇವನಿಗೆ ಹೆಂಡತಿ ಇಲ್ಲ' ಎಂಬ ಪತ್ರ ತಾರದೆ ಯಾವ ಸ್ಕಾಟನಿಗೂ ಮದುವೆ ಮಾಡಿಸುವವನಲ್ಲ. ಆದ್ದರಿಂದ ನಾನು ನಮ್ಮ ಚರ್ಚಿನ ಹಿರಿಯರ ಸಭೆಗೆ ಹೋಗಿ, ನಾನು ಸತ್ತಿದ್ದೇನೆಂದು ಬರೆಸಿ ಕಳಿಸಬೇಕು. ವಸಂತದೊಳಗೆ ಪತ್ರ ಬಾರದಿದ್ದರೆ ತಂದೆಯ ಹಕ್ಕು ಚಲಾಯಿಸಿ ನಮ್ಮ ಮಗನನ್ನು ಕರೆಸಿಕೊಂಡು, ನಿಮ್ಮ ಪಡೆಯ ಬಾವುಟ ಹೊರಿಸಿ, ಮಸ್ಕೊವಿಯ ಹಿಮಕ್ಕೆ ಕರೆದೊಯ್ಯುತ್ತೀರಿ. ಅವನಿಗಿನ್ನೂ ಹದಿನಾರು ತುಂಬಿಲ್ಲ. ತಂದೆ ಬದುಕಿರುವಷ್ಟು ದಿನ ಅವನ ಮಾತೇ ಕಾನೂನು ಎಂದು ಕಾನೂನನ್ನೂ ನೆನಪಿಸಿದ್ದೀರಿ.

ಹೆಂಡತಿ ಸಾಯಬೇಕು, ಇಲ್ಲ ಮಗ ಹೋಗಬೇಕು. ಸಂತೆಯಲ್ಲಿ ದನ ಮಾರುವವನೂ ಇಷ್ಟು ಚೊಕ್ಕಟವಾಗಿ ವ್ಯವಹಾರ ಮಾತಾಡುವುದಿಲ್ಲ. ಪತ್ರ ಓದಿದ ದಿನ ನಾನು ಹೆದರಿದೆ. ನಿಮಗೆ ಹೆದರಿದ್ದಲ್ಲ, ಆ ಹಕ್ಕಿಗೆ ಹೆದರಿದೆ. ಅದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ.

ನನ್ನ ಕೆಲಸ ಹಗುರವಾಗಲೆಂದು ನನ್ನ ಮರಣಪತ್ರದ ಒಕ್ಕಣೆಯನ್ನೂ ನೀವೇ ಬರೆದು ಕಳಿಸಿದ್ದೀರಿ. ಹತ್ತು ಸಾಲಿನ ಒಕ್ಕಣೆ. ಅದರಲ್ಲಿ ನಾನು ಜ್ವರ ಬಂದು ಸತ್ತದ್ದು ಒಂದು ಸಾಲು. ಬಾಕಿ ಒಂಬತ್ತೂ ನಿಮ್ಮದೇ: 'ಪ್ರಾಚೀನ ಮನೆತನದ ಕುಡಿ, ಮೂವತ್ತು ವರ್ಷ ಕಳಂಕವಿಲ್ಲದೆ ಕತ್ತಿ ಹಿಡಿದವರು, ಕೊಟ್ಟ ಮಾತಿಗೆ ತಪ್ಪದವರು' ಇತ್ಯಾದಿ. ನನ್ನ ಸಾವಿನ ಪತ್ರದಲ್ಲೂ ನನಗೆ ಒಂದು ಮೂಲೆ. ಓದಿ ನಕ್ಕುಬಿಟ್ಟೆ. ಆಮೇಲೆ ಆ ಒಂಬತ್ತು ಸಾಲನ್ನು ತಿದ್ದದೆ ಹಿರಿಯರ ಮುಂದಿಡುವುದು ಸರಿಯಲ್ಲ ಅನ್ನಿಸಿತು. ನೋಡಿ, ತಿದ್ದಿದ್ದೇನೆ.

ಪ್ರಾಚೀನ ಮನೆತನ ಎಂದಿರಿ. ನಿಮ್ಮ ತಂದೆ ಬಾರ್ಲಿ ನೆನೆಸಿ ಮೊಳಕೆ ಬರಿಸಿ ಬಿಯರ್‌ನವರಿಗೆ ಮಾರುತ್ತಿದ್ದರು. ಒಳ್ಳೆಯ ಮನುಷ್ಯ, ಒಳ್ಳೆಯ ಸರಕು. ನೀವು ಹತ್ತೊಂಬತ್ತಕ್ಕೆ ಜರ್ಮನಿಯ ಯುದ್ಧಕ್ಕೆ ಹೊರಟಾಗ, ಅಲ್ಲಿ ಕುಲೀನರಿಗೆ ಬೇಗ ಬಡ್ತಿ ಎಂದು ಕೇಳಿ, ಒಬ್ಬ ಬರಹಗಾರನನ್ನು ಹಿಡಿದು ಕುಲಪತ್ರ ಬರೆಸಿಕೊಂಡಿರಿ. ಹೊರದೇಶಕ್ಕೆ ಹೋಗುವ ನಮ್ಮವರೆಲ್ಲ ಬರೆಸುತ್ತಾರೆ, ಒಬ್ಬಿಬ್ಬರು ಜಮೀನ್ದಾರರನ್ನು ಸೇರಿಸಿಯೂ ಸೇರಿಸುತ್ತಾರೆ. ಆದರೆ ಇದ್ದ ಎಂಟು ಮುತ್ತಾತ ಮುತ್ತಜ್ಜಿಯರಲ್ಲಿ ಒಬ್ಬರನ್ನೂ ಬಿಡದೆ ಓಡಿಸಿ, ಆ ಜಾಗದಲ್ಲಿ ಎಂಟೂ ಬ್ಯಾರನ್‌ಗಳನ್ನು ಕೂರಿಸಿದವರು ಈ ಊರಿನಲ್ಲಿ ನೀವೊಬ್ಬರೇ. ನಿಮ್ಮ ತಂದೆ ಅದನ್ನು ಓದಿಸಿ ಕೇಳಿ, "ಇದ್ರಲ್ಲಿ ನಾನೆಲ್ಲಿದೀನಪ್ಪಾ?" ಎಂದು ಕೇಳಿದರಂತೆ.

ಕೊಟ್ಟ ಮಾತು ಎಂದಿರಿ. ಸ್ವೀಡನ್ನಿನ ರಾಜನಿಗೆ ಪ್ರಮಾಣ ಮಾಡಿ ಮೂರು ವರ್ಷ ಅವನ ಅನ್ನ ತಿಂದಿರಿ. ಜರ್ಮನಿಯ ಚಕ್ರವರ್ತಿಯ ಕಡೆಯವರು ಸೆರೆಹಿಡಿದರು. ಮಾರನೆಯ ವಾರವೇ ಚಕ್ರವರ್ತಿಗೂ ಪ್ರಮಾಣ ಮಾಡಿದಿರಿ. ಆಮೇಲೆ ಇಲ್ಲಿ ನಾಡಿಗೆ ನಾಡೇ ರಾಜನಿಗೆ ಎದುರು ನಿಂತು ದೇವರ ಒಡಂಬಡಿಕೆಗೆ ರುಜು ಹಾಕುತ್ತಿದೆ, ಹೊರಗಿನ ಯುದ್ಧ ಕಂಡ ಅಧಿಕಾರಿಗಳಿಗೆ ಭಾರೀ ಬೇಡಿಕೆಯಿದೆ ಎಂದು ಕೇಳಿ ಓಡಿಬಂದು, ಎಲ್ಲರಿಗಿಂತ ದೊಡ್ಡ ಅಕ್ಷರದಲ್ಲಿ ರುಜು ಹಾಕಿದಿರಿ. ಆ ರುಜು ನೋಡಿಯೇ ನನ್ನ ತಂದೆ ನನ್ನನ್ನು ಕೊಟ್ಟದ್ದು. ನಾನೂ ಬೇಡವೆನ್ನಲಿಲ್ಲ. ಕೆಂಪು ಪಟ್ಟಿ ಅಡ್ಡ ಹಾಕಿಕೊಂಡು ಬೀದಿಯಲ್ಲಿ ನಡೆದು ಬರುವಾಗ ಚೆಂದ ಕಾಣುತ್ತಿದ್ದಿರಿ. ಇಪ್ಪತ್ತೊಂದರ ಹುಡುಗಿಗೆ ಅಷ್ಟು ಸಾಕಾಯಿತು. ಆ ದಡ್ಡತನಕ್ಕೆ ಪಾಲುದಾರಳು ನಾನು, ಬೇರೆ ಯಾರೂ ಅಲ್ಲ.

ಇನ್ನು ಕಳಂಕವಿಲ್ಲದ ಕತ್ತಿ. ನಲವತ್ತೈದನೇ ಇಸವಿ ಆಗಸ್ಟಿನಲ್ಲಿ ಕಿಲ್ಸೈತ್ ಯುದ್ಧಕ್ಕೆ ಈ ಊರಿನಿಂದ ಮೂವತ್ತೊಂದು ಜನರನ್ನು ಕರೆದುಕೊಂಡು ಹೋದಿರಿ. ಬಲೆ ಹೆಣೆಯುವವರು, ಪೀಪಾಯಿ ಮಾಡುವವರು, ಮೀನುಗಾರರು. ಉದ್ದ ಈಟಿಯನ್ನು ಯಾವ ತುದಿಯಿಂದ ಹಿಡಿಯಬೇಕೆಂದು ದಾರಿಯಲ್ಲಿ ಕಲಿತವರು. ಅಲ್ಲಿ ನಡೆದದ್ದನ್ನು ಕಾಲು ಕಳೆದುಕೊಂಡು ಬದುಕಿ ಬಂದ ರಾಬಿ ಟಾಡ್ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ. "ರಾಜನ ಕಡೆ ಬೆಟ್ಟದೋರು ಅಂಗಿ ಬಿಚ್ಚಿ ಹಾಕಿ ಕಿರುಚ್ಕೊಂಡು ಇಳೀತಿದ್ರಮ್ಮಾ. ಸಾಹೇಬ್ರು ಕುದುರೆ ಮೇಲಿಂದ್ಲೇ, 'ಯಾರೂ ಅಲ್ಲಾಡ್ಬೇಡಿ, ಹಿಂದಿರೋ ದಂಡು ಕರ್ಕೊಂಡು ಬರ್ತೀನಿ' ಅಂದ್ರು. ನಾವು ಅಲ್ಲಾಡ್ಲಿಲ್ಲ. ನಿಮ್ ತಮ್ಮ ನನ್ ಪಕ್ಕದಲ್ಲೇ ಇದ್ದ. ಓಡೋಣ ಕಣೋ ಅಂದೆ. 'ಭಾವ ನಿಲ್ಲು ಅಂದಿದಾರೆ' ಅಂದ."

ಹಿಂದೆ ಯಾವ ದಂಡೂ ಇರಲಿಲ್ಲ. ಮೂವತ್ತೊಂದರಲ್ಲಿ ಆರು ಜನ ಹಿಂದಿರುಗಿದರು, ಅದೂ ನಿಮಗಿಂತ ಒಂದು ವಾರ ತಡವಾಗಿ. ನೀವು ಎರಡನೇ ದಿನಕ್ಕೇ ಬಂದಿರಿ. ಬಸುರಿಯಾಗಿದ್ದ ನಾನು ಬಾಗಿಲಿಗೆ ಓಡಿಬಂದೆ. ನಿಮ್ಮ ಬಾಯಿಂದ ಮೊದಲು ಬಂದ ಮಾತು, "ಕುದುರೆ ಕಾಲು ಊದ್ಕೊಂಡಿದೆ, ಬಿಸಿನೀರಿಡು" ಎಂಬುದು. ಬಿಸಿನೀರಿಟ್ಟೆ. ಕುದುರೆಯ ಕಾಲಿಗೆ ಬಟ್ಟೆ ಸುತ್ತುತ್ತಾ ನನ್ನ ತಮ್ಮ ಎಲ್ಲಿ ಎಂದು ಕೇಳಿದೆ. ದಂಡಿನ ಜೊತೆ ಬರುತ್ತಿದ್ದಾನೆ ಎಂದಿರಿ. ವಿಧವೆಯರು ಮನೆ ಬಾಗಿಲಿಗೆ ಬರುವ ಮುಂಚೆ ದೋಣಿ ಹತ್ತಿ ಹೋಗಿದ್ದಿರಿ. ಬಂದವರಿಗೆ ಉತ್ತರ ಕೊಟ್ಟವಳು ನಾನು. ಹತ್ತಿದ ಏಣಿಯನ್ನು ಒದೆಯುವವರನ್ನು ಕಂಡಿದ್ದೇನೆ. ಏಣಿಯ ಮೇಲೆ ಇಪ್ಪತ್ತೈದು ಜನ ಇರುವಾಗ ಒದ್ದವರನ್ನು ಕಂಡಿರಲಿಲ್ಲ.

ಆಮೇಲೆ ಗಾಳಿ ಬಂದ ಕಡೆ ತೂರಿಕೊಂಡದ್ದೇ ತೂರಿಕೊಂಡದ್ದು. ಒಡಂಬಡಿಕೆ ಬಿಟ್ಟು ರಾಜನ ಕಡೆ ಹೋದಿರಿ. ಆ ದಂಡು ಸೋತು, ಚರ್ಚಿನವರ ಕೈ ಮೇಲಾಯಿತು. ಪಾಪನಿವೇದನೆ ಮಾಡದ ಅಧಿಕಾರಿಗೆ ಇನ್ನು ಪಡೆಯಿಲ್ಲ ಎಂದರು. ಐವತ್ತನೇ ಇಸವಿಯಲ್ಲಿ ಮೂರು ವಾರ ಇಲ್ಲಿಗೆ ಬಂದು, ಮೂರು ಭಾನುವಾರ ಚರ್ಚಿನ ಪಶ್ಚಾತ್ತಾಪದ ಪೀಠದ ಮೇಲೆ ಗೋಣಿಬಟ್ಟೆ ಉಟ್ಟು ಕೂತಿರಿ. ಆ ಪೀಠದ ಮೇಲೆ ನಮ್ಮೂರಿನ ಎಷ್ಟೋ ಬಡಪಾಯಿಗಳು ಕೂತಿದ್ದಾರೆ, ಹಾದರ ಮಾಡಿದವರು, ಭಾನುವಾರ ಬಲೆ ಬೀಸಿದವರು. ತಲೆ ಎತ್ತಲಾರದೆ ನಡುಗಿದ್ದಾರೆ. ನೀವು ಮಾತ್ರ ಹಿಂದಿನ ದಿನ ದರ್ಜಿಯ ಹತ್ತಿರ ಹೋಗಿ ಗೋಣಿಯನ್ನು ಸೊಂಟಕ್ಕೆ ಸರಿಯಾಗಿ ಹಿಡಿಸಿಕೊಂಡು ಬಂದಿರಿ! ಕಣ್ಣೀರು ಹರಿಸಿ, ಎದೆ ಬಡಿದುಕೊಂಡು, ಪಾದ್ರಿಗಿಂತ ಉದ್ದ ಪ್ರಸಂಗ ಮಾಡಿದಿರಿ. ಪೀಪಾಯಿ ಮಾಡುವ ಸೈಮನ್ ಪ್ರಾಟ್, ಕಿಲ್ಸೈತಿನಲ್ಲಿ ಇಬ್ಬರು ಮಕ್ಕಳನ್ನು ಕಳೆದುಕೊಂಡವನು, ನನ್ನ ಹಿಂದಿನ ಬೆಂಚಿನಿಂದ ಪಿಸುಗುಟ್ಟಿದ: "ಅಳು ಚೆನ್ನಾಗೇ ಕಲ್ತಿದಾನೆ ಕಣಮ್ಮಾ. ನನ್ ಮಕ್ಳ ಹೆಸ್ರು ಒಂದು ಬಿಟ್ಟು ಎಲ್ಲಾ ಹೇಳ್ದ." ಮಂಗಳವಾರದ ಹೊತ್ತಿಗೆ ನಿಮ್ಮ ಪಡೆ ನಿಮಗೆ ಸಿಕ್ಕಿತು. ಬುಧವಾರ ನೀವಿರಲಿಲ್ಲ.

ವೂಸ್ಟರ್ ಯುದ್ಧದಲ್ಲಿ ಇಂಗ್ಲಿಷರಿಗೆ ಸಿಕ್ಕಿಬಿದ್ದದ್ದು, ಜೊತೆಯವರೆಲ್ಲ ಸೆರೆಮನೆಯಲ್ಲಿ ಜ್ವರ ಬಂದು ಸಾಯುವಾಗ ನೀವೊಬ್ಬರು ಹೊರಗೆ ಬಂದದ್ದು, ಬಂದು ಅವರ ದಂಡಿಗೆ ಬೆಟ್ಟದ ದಾರಿ ತೋರಿಸಿ, ರಾಜನಿಗಾಗಿ ಹೋರಾಡುತ್ತಾ ಅಡಗಿದ್ದ ನಿಮ್ಮದೇ ಗೆಳೆಯರನ್ನು ಗುಹೆಯಿಂದ ಗುಹೆಗೆ ಹಿಡಿಸಿಕೊಟ್ಟದ್ದು, ಇವನ್ನು ನಾನು ವಿವರಿಸುವುದಿಲ್ಲ. ದೇಶ ಬಿಟ್ಟು ಹೋಗಿದ್ದ ರಾಜ ಈಗ ಹಿಂತಿರುಗಿ ಬಂದಿದ್ದಾನೆ. ಆ ಗೆಳೆಯರ ಅಣ್ಣತಮ್ಮಂದಿರು ಎಡಿನ್‌ಬರೋದಲ್ಲಿ ಅಧಿಕಾರದ ಕುರ್ಚಿಗಳ ಮೇಲೆ ಕೂತಿದ್ದಾರೆ. ವಿವರ ಬೇಕಾದವರು ಅವರು.

ಹೀಗೆ ತಿದ್ದಿದ ಮೇಲೆ ನಿಮ್ಮ ಒಂಬತ್ತು ಸಾಲಿನಲ್ಲಿ ಉಳಿದದ್ದು ನಿಮ್ಮ ಹೆಸರು ಮಾತ್ರ. ಅದನ್ನು ಹಿಡಿದುಕೊಂಡು ಹೋದ ಗುರುವಾರ ಹಿರಿಯರ ಸಭೆಗೆ ಹೋದೆ.

ನಾನು ಹೋಗುವ ಮೊದಲೇ ಊರಿಗೆಲ್ಲ ಸುದ್ದಿ ಹೋಗಿತ್ತು. ಹಡಗಿನ ಆಳುಗಳ ಬಾಯಿಗೆ ಬೀಗ ಹಾಕುವವರು ಯಾರು? ಹೊಸ್ತಿಲಲ್ಲೇ ಸೈಮನ್ ಪ್ರಾಟ್ ಸಿಕ್ಕಿ, "ಏನಮ್ಮಾ ಬೆಥಿಯಾ, ನೀನು ಸತ್ತೋಗಿದೀಯಂತೆ? ಸತ್ತೋಳು ಮೊನ್ನೆ ಉಪ್ಪಿನ ವಿಷಯಕ್ಕೆ ನನ್ ಹತ್ರ ಅಷ್ಟು ಜಗಳ ಆಡಿದ್ಲಲ್ಲ!" ಎಂದ. ಅವನು ಈಗ ಹಿರಿಯರಲ್ಲೊಬ್ಬ. ಪಾದ್ರಿ ಮಾಸ್ಟರ್ ಹ್ಯೂ ಲೌಡನ್ ಊರಿಗೆ ಬಂದು ಐದು ವರ್ಷವಾಯಿತು. ಅವರಿಗೆ ನಿಮ್ಮ ಮುಖ ಗೊತ್ತಿಲ್ಲ, ಕೈಬರಹವೂ ಗೊತ್ತಿಲ್ಲ.

ನಾನು ಮೇಜಿನ ಮೇಲಿಟ್ಟದ್ದು ನಿಮ್ಮ ಈ ವರ್ಷದ ಪತ್ರವನ್ನಲ್ಲ. ಅದನ್ನು ಒಲೆಗೆ ಹಾಕಿದ್ದೆ. ನಾನಿಟ್ಟದ್ದು ಐವತ್ತನಾಲ್ಕರದ್ದು. ನೆನಪಿದೆಯೇ? ನೀವು ಹಿಡಿಸಿಕೊಟ್ಟವರ ಕಡೆಯ ಬೆಟ್ಟದವರು ನಿಮ್ಮ ರಕ್ತಕ್ಕೆ ಹಸಿದು ಹುಡುಕುತ್ತಿದ್ದಾಗ, 'ಕ್ಯಾಪ್ಟನ್ ಬಾಲ್ಫರ್' ಎಂಬ ಇಲ್ಲದ ಮನುಷ್ಯನ ಹೆಸರಿನಲ್ಲಿ ನೀವೇ ಬರೆದು ನನಗೆ ಕಳಿಸಿದ್ದು: 'ನಿಮ್ಮ ಪತಿ ಕರ್ನಲ್ ಆರ್ನಾಟ್ ಡಿಸೆಂಬರ್ ಮೂರರಂದು ನನ್ನ ತೋಳಿನಲ್ಲಿ ಪ್ರಾಣ ಬಿಟ್ಟರು, ಹೆಸರಿಡದ ಹೊಂಡದಲ್ಲಿ ಹೂಳಿದೆವು.' ಕೆಳಗೆ ನಿಮ್ಮದೇ ಉಂಗುರದ ಮುದ್ರೆ. ಅದರ ಜೊತೆ ಇನ್ನೊಂದು ಚೀಟಿ: ಕಪ್ಪು ಬಟ್ಟೆ ಉಡು, ಎಲ್ಲರಿಗೂ ತೋರಿಸು. ಆಗ ನಾನು ತೋರಿಸಲಿಲ್ಲ. ಗಂಡನ ಆಜ್ಞೆಯನ್ನು ಏಳು ವರ್ಷ ತಡವಾಗಿ ಪಾಲಿಸಿದ್ದೇನೆ.

ಪಾದ್ರಿ ಅದನ್ನು ಎರಡು ಸಲ ಓದಿದರು. ಕೂತವರ ಕಡೆ ನೋಡಿ, "ಈ ಮನುಷ್ಯ ಜೀವಂತ ಇರೋದನ್ನ ಇದಾದ ಮೇಲೆ ಯಾರಾದ್ರೂ ಕಂಡಿದ್ದೀರಾ?" ಎಂದು ಕೇಳಿದರು. ಚರ್ಚಿನೊಳಗೆ ನಲವತ್ತು ಜನರಿದ್ದರು. ಅವರಲ್ಲಿ ನಲವತ್ತು ಜನಕ್ಕೂ ನೀವು ರೀಗಾದಲ್ಲಿ ಹೊಸ ಟೋಪಿ ಹಾಕಿಕೊಂಡಿರುವುದು ಗೊತ್ತಿತ್ತು. ಯಾರೂ ಕೆಮ್ಮಲಿಲ್ಲ.

ಕಡೆಗೆ ಪಾದ್ರಿ ಗಿಲ್ಬರ್ಟ್ ಕಡೆ ತಿರುಗಿ, "ನೀವು ದೇಶ ದೇಶ ತಿರುಗೋರು, ನೀವೇನಾದ್ರೂ ಕಂಡ್ರಾ?" ಎಂದರು. ಅಣ್ಣ ದೇವರಿಗೆ ಹೆದರುವವನು, ಸುಳ್ಳು ಹೇಳಲಾರ. ಎದ್ದು ನಿಂತು, "ರೀಗಾದಲ್ಲಿ ಒಂದು ಟೋಪಿ ಕಂಡೆ ಮಾಸ್ಟರ್. ಅದ್ರ ಕೆಳಗೊಬ್ಬ ಮನುಷ್ಯ ಇದ್ದ ಅಂತ ಮಾತ್ರ ಪ್ರಮಾಣ ಮಾಡಿ ಹೇಳಲಾರೆ" ಅಂದ. ರಾಬಿ ಟಾಡ್ ಊರುಗೋಲನ್ನು ನೆಲಕ್ಕೆ ಒಂದು ಸಲ ಕುಟ್ಟಿದ. ಸೈಮನ್, "ಬರ್ಕೊಳ್ಳಿ ಮಾಸ್ಟರ್, ಬರ್ಕೊಳ್ಳಿ. ಈ ಊರು ಅವ್ರಿಗೋಸ್ಕರ ಅಳೋದೆಲ್ಲಾ ಯಾವತ್ತೋ ಅತ್ತಾಗಿದೆ" ಅಂದ. ಪಾದ್ರಿ ದಡ್ಡರಲ್ಲ. ನನ್ನನ್ನು ತುಂಬ ಹೊತ್ತು ನೋಡಿದರು, ಆಮೇಲೆ ಲೇಖನಿ ಎತ್ತಿಕೊಂಡರು.

ಹೀಗೆ ನೀವು ತೀರಿಕೊಂಡಿದ್ದೀರಿ. ಸಭೆಯ ಪುಸ್ತಕದಲ್ಲಿ ಬರೆದಾಗಿದೆ, ಸಾವಿನ ಗಂಟೆಯನ್ನೂ ಹೊಡೆಸಿದ್ದೇನೆ. ಸುಳ್ಳಿಗೆ ಸಾಕ್ಷಿ ನಿಂತ ಪಾಪ ನನ್ನದು. ಅದನ್ನು ನಾನು ದೇವರೆದುರು ಹೊರುತ್ತೇನೆ. ನಿಮ್ಮ ಹಾಗೆ ದರ್ಜಿಯ ಹತ್ತಿರ ಹೊಲಿಸಿಕೊಂಡು ಅಲ್ಲ.

ಇದರ ಜೊತೆಗಿರುವುದು ನೀವು ಕೇಳಿದ ಮರಣಪತ್ರ, ಹೆಸರು ಮಾತ್ರ ಬೇರೆ. ಇನ್ನೊಂದು ಪ್ರತಿಯನ್ನು ಗಿಲ್ಬರ್ಟ್ ರೀಗಾದ ಸ್ಕಾಟ್ ವ್ಯಾಪಾರಿಗಳ ಹಿರಿಯರಿಗೆ ಕೊಡುತ್ತಾನೆ. ಅವರು ಅದನ್ನು ಪಾದ್ರಿಗೂ ಆ ವಿಧವೆಗೂ ಓದಿ ಹೇಳುತ್ತಾರೆ. ಅವಳ ಮೇಲೆ ನನಗೆ ಯಾವ ದ್ವೇಷವೂ ಇಲ್ಲ, ಅದಕ್ಕೇ ಕಳಿಸುತ್ತಿದ್ದೇನೆ. ನೀವು ಬದುಕಿದ್ದೀರೆಂದು ಸಾಧಿಸಬೇಕಾದರೆ ದಾರಿಯಿದೆ: ಇಲ್ಲಿಗೆ ಬಂದು, ನ್ಯಾಯಾಧೀಶರ ಮುಂದೆ ನಿಂತು, ಐವತ್ತನಾಲ್ಕನೇ ಇಸವಿಯಲ್ಲಿ ಎಲ್ಲಿದ್ದಿರಿ, ಯಾರಿಗೆ ದಾರಿ ತೋರಿಸುತ್ತಿದ್ದಿರಿ ಎಂದು ಹೇಳಿ. ಅವರು ಖಂಡಿತ ನಂಬುತ್ತಾರೆ. ನಂಬಿ, ಹಗ್ಗ ತರಿಸುತ್ತಾರೆ.

ಮಗನ ವಿಷಯ. ತಂದೆಯಿಲ್ಲದ ಈ ವಯಸ್ಸಿನ ಹುಡುಗ ತನಗೆ ಬೇಕಾದವರನ್ನು ಪೋಷಕರೆಂದು ಆರಿಸಿಕೊಳ್ಳಬಹುದು, ಅದೂ ಕಾನೂನೇ. ಅವನು ತನ್ನ ಸೋದರಮಾವನನ್ನು ಆರಿಸಿಕೊಂಡು ರುಜು ಹಾಕಿದ್ದಾನೆ. ಬರುವ ತಿಂಗಳು ಗಿಲ್ಬರ್ಟ್‌ನ ಹಡಗಿನಲ್ಲಿ ಕೆಲಸ ಕಲಿಯಲು ಸೇರುತ್ತಾನೆ. ಕಡಲೂ ಜನರನ್ನು ಕೊಲ್ಲುತ್ತದೆ, ಬಲ್ಲೆ. ಆದರೆ ಇಲ್ಲೇ ನಿಂತಿರಿ, ಬರ್ತೀನಿ ಎಂದು ಹೇಳಿ ಕೊಲ್ಲುವುದಿಲ್ಲ.

ಆತ್ಮಕ್ಕೆ ಶಾಂತಿ ಸಿಗಲಿ ಎಂದು ನಮ್ಮ ಪಂಥದಲ್ಲಿ ಸತ್ತವರಿಗಾಗಿ ಬೇಡಿಕೊಳ್ಳುವ ಪದ್ಧತಿಯಿಲ್ಲ. ಆದ್ದರಿಂದ ಅದನ್ನೂ ಬೇಡುವುದಿಲ್ಲ.

ಕರ್ನಲ್ ಆರ್ನಾಟರ ವಿಧವೆ,
ಬೆಥಿಯಾ ಮೆಲ್ಡ್ರಮ್

ಮರೆತ ಮಾತು: ಇಷ್ಟೆಲ್ಲ ಬರೆದು ಒಂದನ್ನು ಮುಚ್ಚಿಟ್ಟಿದ್ದೆ. ಮುದ್ರೆ ಹಾಕುವ ಮುಂಚೆ ಅದನ್ನೂ ಹೇಳಿಬಿಡುತ್ತೇನೆ. ಮಗ ನಿನ್ನ ಹತ್ತಿರ ಬರಲು ಹೊರಟಿದ್ದ. ನಿನ್ನ ಪತ್ರದೊಳಗೆ ಅವನಿಗೆಂದು ಬೇರೆ ಮುದ್ರೆ ಹಾಕಿದ ಹಾಳೆಯಿತ್ತಲ್ಲ, ಅದನ್ನು ಸುಡಬೇಕೆಂದು ಎರಡು ಸಲ ಒಲೆಯ ತನಕ ಹೋದೆ. ಸುಡಲಿಲ್ಲ, ಒಡೆಯದೆ ಅವನ ಕೈಗೆ ಕೊಟ್ಟೆ. ಅಪ್ಪ ಕರೆದಿದ್ದಾನೆ ಎಂದು ತಿಳಿದ ಕೂಡಲೇ ಅವನು ಎರಡು ಅಂಗಿ, ಒಂದು ತುಂಡು ಚೀಸ್, ಓಟ್ಸ್ ರೊಟ್ಟಿ ಗಂಟು ಕಟ್ಟಿದ. ಊರೆಲ್ಲ ನಿನ್ನನ್ನು ಏನೇ ಅಂದರೂ ಬಂದರಿಗೆ ಬಂದ ಪ್ರತಿ ನಾವಿಕನನ್ನೂ ಹಿಡಿದು ನಿನ್ನ ಸುದ್ದಿ ಕೇಳುತ್ತಿದ್ದ ಹುಡುಗ ಅವನು. ನಾನು ಬೇಡವೆಂದು ಅತ್ತೆ, ಬೈದೆ, ಬಾಗಿಲಿಗೆ ಅಡ್ಡ ನಿಂತೆ. ಕೇಳಲಿಲ್ಲ. ಆಮೇಲೆ ಬಾಗಿಲಲ್ಲೇ ನಿಂತು ಮುದ್ರೆ ಒಡೆದ. 'ನನ್ನ ಪ್ರೀತಿಯ ಮಗ ವಾಲ್ಟರ್‌ಗೆ' ಎಂದು ಶುರುವಾಗಿತ್ತು.

ಮೊದಲ ಗಂಡುಮಗುವಿಗೆ ಗಂಡನ ತಂದೆಯ ಹೆಸರಿಡುವುದು ನಮ್ಮ ಪದ್ಧತಿ. ನಿಮ್ಮಪ್ಪ ವಾಲ್ಟರ್, ಆದ್ದರಿಂದ ಇವನೂ ವಾಲ್ಟರ್ ಎಂದು ನೀನು ಲೆಕ್ಕ ಹಾಕಿಬಿಟ್ಟೆ. ಬ್ಯಾಪ್ಟಿಸಂ ದಿನ ಮಗುವನ್ನು ಎತ್ತಿಹಿಡಿದು ಹೆಸರು ಹೇಳಬೇಕಾದ ತಂದೆ ನೀನು, ಇರಲಿಲ್ಲ. ಗಿಲ್ಬರ್ಟ್ ಎತ್ತಿಕೊಂಡ. ಕಿಲ್ಸೈತ್ ಆಗಿ ಎರಡು ತಿಂಗಳು. ಎದುರಿಗೆ ಕೂತ ಅಷ್ಟೂ ವಿಧವೆಯರ ಮುಂದೆ ಆರ್ನಾಟ್ ಮನೆಯ ಹೆಸರು ಕೂಗಲು ಅವನಿಗೆ ನಾಲಿಗೆ ಹೊರಳಲಿಲ್ಲ, ಬೇರೆ ಹೆಸರು ಹೇಳಿದ. ಆ ಹೆಸರನ್ನು ನಾನು ನಿನಗೆ ಮೂರು ಪತ್ರದಲ್ಲಿ ಬರೆದೆ. ಐವತ್ತರಲ್ಲಿ ನೀನು ಮೂರು ವಾರ ಈ ಮನೆಯಲ್ಲಿದ್ದೆ, ಅಷ್ಟು ದಿನವೂ ಅವನನ್ನು "ಏ ಮರೀ" ಎಂದೇ ಕರೆದೆ. ಪ್ರೀತಿಗೆ ಎಂದು ನಾನು ಅಂದುಕೊಂಡಿದ್ದೆ.

ಅವನು ಹಾಳೆಯನ್ನು ಕೊನೆಯ ತನಕ ಓದಿದ. ಮಡಚಿದ. "ವಾಲ್ಟರ್ ಯಾರಮ್ಮಾ?" ಎಂದು ಕೇಳಿದ. ಆಮೇಲೆ ಗಂಟು ಬಿಚ್ಚಿ, ಚೀಸನ್ನು ಅದರ ಜಾಗದಲ್ಲಿಟ್ಟ. ಅಂಗಿ ಮಡಚಿಡುವಾಗ ಅತ್ತ.

ಅವನ ಹೆಸರನ್ನು ಇಲ್ಲಿ ಬರೆಯಬೇಕೆಂದು ಲೇಖನಿ ಅದ್ದಿದ್ದೆ. ಪಕ್ಕದಲ್ಲೇ ಕೂತಿದ್ದಾನೆ, ಕೈ ಹಿಡಿದ. "ಮೂರು ಸಲ ಬರ್ದಿದೀಯಲ್ಲಮ್ಮಾ, ಸಾಕು ಬಿಡು" ಅನ್ನುತ್ತಿದ್ದಾನೆ.